ಬೆನ್ನು ನೆಲಕ್ಕೆ ತಾಗಿದ ಮೇಲೆ

ಒಬ್ಬ ಜಟ್ಟಿ ಗೆದ್ದ ಪಂದ್ಯಗಳನ್ನು ಅವನಿಂದ ಯಾರೂ ಕಿತ್ತುಕೊಳ್ಳಲಾರರು. ಹತ್ತು ವರ್ಷದ ಹಿಂದೆ ಗೆದ್ದದ್ದು ಇವತ್ತಿಗೂ ಗೆದ್ದದ್ದೇ. ನಾಳೆ ಅವನು ಸೋತರೂ ಆ ಗೆಲುವಿಗೆ ಕುಂದಿಲ್ಲ. ಆದರೆ ‘ಸೋಲರಿಯದವನು’ ಎಂಬ ಬಿರುದಿನ ಸ್ವಭಾವವೇ ಬೇರೆ. ಅದು ಸಂಪಾದಿಸಿ ಪೆಟ್ಟಿಗೆಯಲ್ಲಿಡುವ ಆಸ್ತಿಯಲ್ಲ. ಇಪ್ಪತ್ತು ವರ್ಷ ಜೋಪಾನ ಮಾಡಿದ್ದು ಇಪ್ಪತ್ತು ಸೆಕೆಂಡಿನಲ್ಲಿ ಹೋಗಬಹುದು, ಹೋದರೆ ಮತ್ತೆಂದೂ ಸಿಗದು. ಪ್ರತಿ ಹೊಸ ಪಂದ್ಯಕ್ಕೆ ಇಳಿಯುವಾಗಲೂ ಹಿಂದಿನ ಅಷ್ಟೂ ಗೆಲುವುಗಳನ್ನು ಒಟ್ಟಿಗೆ ಪಣಕ್ಕಿಡಬೇಕು. ಅದನ್ನು ಕಾಯಂ ಆಗಿ ಉಳಿಸಿಕೊಳ್ಳುವ ದಾರಿ ಒಂದೇ, ಅಖಾಡದಿಂದ ಹೊರಗೆ ಬಂದುಬಿಡುವುದು. ಅಂದರೆ ಅದನ್ನು ಕಳೆದುಕೊಳ್ಳುವ ಭಯ ತೀರುವುದು ಅದರ ಉಪಯೋಗವೂ ತೀರಿದ ಮೇಲೆ.

ರಿಕ್ಸನ್ ಗ್ರೇಸಿ ಆ ಬಿರುದು ಹೊತ್ತು ಬದುಕಿದವರು. 1950ರ ದಶಕದ ಕೊನೆಗೆ ರಿಯೊ ಡಿ ಜನೈರೊದಲ್ಲಿ ಹುಟ್ಟಿದ ಇವರು ಬ್ರೆಜಿಲಿಯನ್ ಜಿಯು-ಜಿಟ್ಸುವನ್ನು ಕಟ್ಟಿ ಬೆಳೆಸಿದ ಹೆಲಿಯೊ ಗ್ರೇಸಿಯವರ ಮೂರನೆಯ ಮಗ. ಆ ವಿದ್ಯೆ ಬಲ್ಲವರನ್ನು ಕೇಳಿದರೆ ಇವತ್ತಿಗೂ ಅನೇಕರು ಧ್ವನಿ ತಗ್ಗಿಸಿಯೇ ಇವರ ಹೆಸರು ಹೇಳುತ್ತಾರೆ. ವೃತ್ತಿಪರ ದಾಖಲೆಯಲ್ಲಿರುವುದು 11 ಪಂದ್ಯ, 11 ಗೆಲುವು. ಕಡಲತೀರದ ಸವಾಲುಗಳು, ಬಾಗಿಲು ಮುಚ್ಚಿದ ವ್ಯಾಯಾಮಶಾಲೆಯ ಹೋರಾಟಗಳು, ಬೇರೆ ಬೇರೆ ಪಂದ್ಯಾವಳಿಗಳು ಎಲ್ಲ ಸೇರಿಸಿ ನಾನೂರಕ್ಕೂ ಹೆಚ್ಚು ಎಂಬುದು ಅವರ ಸುತ್ತ ಬೆಳೆದ ಲೆಕ್ಕ. ಸ್ವಂತ ತಂದೆಯೇ ಆ ಲೆಕ್ಕವನ್ನು ಒಪ್ಪಿಕೊಳ್ಳಲಿಲ್ಲ; ಅಭ್ಯಾಸದ ಹಿಡಿತಗಳನ್ನೂ ಅದರಲ್ಲಿ ಸೇರಿಸಲಾಗಿದೆ ಎಂದರು.

ಅಲ್ಲದೆ 1993ರ ಒಂದು ಘಟನೆ ಇದೆ. ಅಮೆರಿಕದ ಒಕ್ಲಹೋಮದಲ್ಲಿ ನಡೆದ ಸಾಂಬೊ ಪಂದ್ಯದಲ್ಲಿ ರಾನ್ ಟ್ರಿಪ್ ಎಂಬವರು ರಿಕ್ಸನ್‌ರನ್ನು ಎತ್ತಿ ಬೆನ್ನಡಿಯಾಗಿ ಕೆಡವಿದರು. ಸಾಂಬೊ ರಷ್ಯಾ ಮೂಲದ ಕುಸ್ತಿ. ಎಸೆದವನು ನಿಂತೇ ಇದ್ದು, ಎದುರಾಳಿಯ ಬೆನ್ನು ಪೂರ್ತಿಯಾಗಿ ನೆಲಕ್ಕೆ ಬಡಿದರೆ ಆ ಕುಸ್ತಿಯ ನಿಯಮದಲ್ಲಿ ಪಂದ್ಯ ಅಲ್ಲಿಗೇ ಮುಗಿಯಿತು. ಒಂದು ನಿಮಿಷವೂ ಆಗಿರಲಿಲ್ಲ. ಆ ನಿಯಮವನ್ನು ತಮಗೆ ಸರಿಯಾಗಿ ತಿಳಿಸಿರಲಿಲ್ಲ ಎಂದು ರಿಕ್ಸನ್ ವಾದಿಸಿದರು. ವಾದ ಇವತ್ತಿಗೂ ಬಗೆಹರಿದಿಲ್ಲ, ಬಗೆಹರಿಯಬೇಕಾಗಿಯೂ ಇಲ್ಲ. ಆ ಘಟನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಗೆದ್ದವರಾರು ಎಂಬ ಪ್ರಶ್ನೆಯಲ್ಲ. ಬೆನ್ನು ನೆಲಕ್ಕೆ ತಾಗುವುದು ಒಂದು ವಿದ್ಯೆಯಲ್ಲಿ ಕಥೆಯ ಕೊನೆ, ಇನ್ನೊಂದು ವಿದ್ಯೆಯಲ್ಲಿ ಕಥೆಯ ಮೊದಲು ಎಂಬ ಸಂಗತಿ.

ನಮ್ಮ ಗರಡಿಯ ಕುಸ್ತಿಯಲ್ಲೂ ಅಷ್ಟೆ. ಬೆನ್ನಿಗೆ ಮಟ್ಟಿ ಹತ್ತಿದರೆ ಪೈಲ್ವಾನ ಚಿತ್ ಆದ, ಪಂದ್ಯ ಮುಗಿಯಿತು, ಡೋಲು ಬಾರಿಸುವವನು ಗೆದ್ದವನ ಕಡೆ ತಿರುಗುತ್ತಾನೆ. ಜೂಡೋದಲ್ಲಿ ಸೊಗಸಾದ ಒಂದು ಎಸೆತಕ್ಕೆ ಪೂರ್ಣ ಅಂಕ. ಜಗತ್ತಿನ ಬಹುಪಾಲು ಮಲ್ಲವಿದ್ಯೆಗಳು ಕೆಳಗೆ ಬಿದ್ದವನನ್ನು ಸೋತವನೆಂದೇ ಎಣಿಸುತ್ತವೆ. ಬ್ರೆಜಿಲಿಗೆ ಜಿಯು-ಜಿಟ್ಸುವನ್ನು ತಂದ ಮಿತ್ಸುಯೊ ಮಾಯೆದಾ ಕೂಡ ಜಪಾನಿನ ಕೊಡೋಕಾನ್ ಶಾಲೆಯ ಜೂಡೋ ಪಟುವೇ. 1914ರಲ್ಲಿ ಬ್ರೆಜಿಲ್ ತಲುಪಿ, ಅಮೆಜಾನ್ ನದಿಮುಖದ ಬೆಲೆಮ್ ಪಟ್ಟಣದಲ್ಲಿ ನೆಲೆಸಿ, ಕಾರ್ಲೋಸ್ ಗ್ರೇಸಿ ಎಂಬ ಪುಂಡ ಹುಡುಗನಿಗೆ ಪಾಠ ಹೇಳಿದರು. ಕಾರ್ಲೋಸ್ ತಮ್ಮಂದಿರಿಗೆ ಕಲಿಸಿದರು. ಕೊನೆಯ ತಮ್ಮ ಹೆಲಿಯೊ ಸಣಕಲು ಮೈಯವನು, ಎತ್ತಿ ಎಸೆಯುವ ಪಟ್ಟುಗಳು ಅವನ ಕೈಗೆ ಬರಲಿಲ್ಲ, ಹಾಗಾಗಿ ಬಲಕ್ಕಿಂತ ಸನ್ನೆಯ ಲೆಕ್ಕವನ್ನು ನೆಚ್ಚುವ ರೀತಿಯಲ್ಲಿ ವಿದ್ಯೆಯನ್ನು ತಿದ್ದಿದ ಎಂಬುದು ಮನೆತನದ ಕಥೆ. ಕಥೆಯಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೆ ಆ ತಿದ್ದುಪಡಿಯ ಫಲ ಕಣ್ಣೆದುರಿಗಿದೆ. ಮಲಗಿದವನು ಕಾಲುಗಳಿಂದ ಎದುರಾಳಿಯ ನಡುವನ್ನು ಕಟ್ಟಿ, ಅವನ ಭಾರವನ್ನು ಅತ್ತಿತ್ತ ತೂಗಿಸುತ್ತ, ಕೆಳಗಿನಿಂದಲೇ ಕೈಯನ್ನೋ ಕತ್ತನ್ನೋ ಹಿಡಿಯುವುದು. ಇದನ್ನು ಗಾರ್ಡ್ ಎನ್ನುತ್ತಾರೆ. ಜಪಾನೀಯರಿಗೆ ಅದು ಗೊತ್ತಿರದ ಸ್ಥಾನವೇನಲ್ಲ, ಆದರೆ ಅದನ್ನೇ ವಿದ್ಯೆಯ ಎದೆಗೂಡು ಮಾಡಿದವರು ಗ್ರೇಸಿಗಳು. ಹೆಲಿಯೊಗೆ ಗೆಲ್ಲುವುದು ಎರಡನೆಯ ಮಾತು. ಮೊದಲ ಮಾತು, ಮೇಲಿರುವವನು ಎಷ್ಟೇ ದೊಡ್ಡವನಾದರೂ ಅವನ ಕೆಳಗೆ ಉಸಿರಾಡಿಕೊಂಡು ಇರುವುದು.

ಅನಿತ್ಯದ ಬಗ್ಗೆ ಯೋಚಿಸುವಾಗ ನಾವು ಸಾಮಾನ್ಯವಾಗಿ ಮೇಲಿರುವವನ ಕಡೆಯಿಂದ ಯೋಚಿಸುತ್ತೇವೆ. ಅರಸ ಬಿದ್ದ, ಕೋಟೆ ಕುಸಿಯಿತು, ಸೌಂದರ್ಯ ಬಾಡಿತು ಎನ್ನುತ್ತೇವೆ. ಬೀಳುವ ತನಕದ ಕಥೆ ಅದು. ಬಿದ್ದವನು ಆಮೇಲೆ ಏನು ಮಾಡುತ್ತಾನೆ, ಅಲ್ಲಿ ಮಾಡುವ ಕೆಲಸ ಏನಾದರೂ ಉಂಟೇ, ಎಂಬ ಪ್ರಶ್ನೆಯನ್ನು ಆ ಚಿಂತನೆ ಕೇಳುವುದೇ ಅಪರೂಪ. ರಿಕ್ಸನ್ ಗ್ರೇಸಿಯವರ ಬದುಕನ್ನು ನಾನು ಮತ್ತೆ ಮತ್ತೆ ಎಣಿಸಿ ನೋಡುವುದು ಆ ಪ್ರಶ್ನೆಗಾಗಿ.

ಮನೆತನದ ಪಟ್ಟವೇ ಮೊದಲಿನಿಂದ ಕೈ ಬದಲಾಯಿಸುತ್ತ ಬಂದದ್ದು. ಗ್ರೇಸಿಗಳಲ್ಲಿ ಒಂದೊಂದು ಕಾಲಕ್ಕೆ ಒಬ್ಬೊಬ್ಬ ಕುಲದ ಜಟ್ಟಿ. ಹೊರಗಿನವರ ಸವಾಲಿಗೆ ಅವನು ಇಳಿಯಬೇಕು. 1951ರ ಅಕ್ಟೋಬರ್‌ನಲ್ಲಿ ಮಾರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಮಸಾಹಿಕೊ ಕಿಮುರಾ ಅವರ ಎದುರು ಹೆಲಿಯೊ ಇಳಿದರು. ಕಿಮುರಾ ತೂಕದಲ್ಲೂ ಬಲದಲ್ಲೂ ತುಂಬಾ ಮೇಲು. ತೋಳನ್ನು ಹಿಂದಕ್ಕೆ ತಿರುಚಿದಾಗಲೂ ಹೆಲಿಯೊ ಶರಣಾಗಲಿಲ್ಲ. ಅಣ್ಣ ಕಾರ್ಲೋಸ್ ನಡುವೆ ಬಂದು ಪಂದ್ಯ ನಿಲ್ಲಿಸಿದರು. ಆಮೇಲೆ ಬ್ರೆಜಿಲಿನವರು ಆ ಪಟ್ಟಿಗೆ ಕಿಮುರಾ ಎಂದೇ ಹೆಸರಿಟ್ಟರು. ಈಗ ಜಗತ್ತಿನ ಎಲ್ಲ ಮ್ಯಾಟುಗಳ ಮೇಲೆ, ಎಲ್ಲ ಭಾಷೆಯ ಮಕ್ಕಳೂ ಆ ಹೆಸರಿನಲ್ಲೇ ಅದನ್ನು ಕಲಿಯುತ್ತಾರೆ. ಸೋತ ಮನೆ ಗೆದ್ದವನ ಹೆಸರನ್ನು ತನ್ನ ಪಾಠದಲ್ಲಿ ಸೇರಿಸಿಕೊಂಡ ಇಂಥ ಉದಾಹರಣೆ ನನಗೆ ಬೇರೆ ಕಡೆ ಕಂಡಿಲ್ಲ.

1955ರಲ್ಲಿ, 41ರ ಹರೆಯದ ಹೆಲಿಯೊ ತಮ್ಮದೇ ಹಳೆಯ ಶಿಷ್ಯ ವಾಲ್ಡೆಮಾರ್ ಸಂತಾನಾ ಜೊತೆ ಮೂರೂವರೆ ಗಂಟೆಗೂ ಹೆಚ್ಚು ಹೊತ್ತು ಹೋರಾಡಿ ಸೋತರು. ಮರುವರ್ಷ ಕಾರ್ಲೋಸ್‌ರ ಮಗ ಕಾರ್ಲ್ಸನ್ ಆ ಸೋಲಿನ ಸೇಡು ತೀರಿಸಿದರು. ಪಟ್ಟ ಕಾರ್ಲ್ಸನ್‌ರದಾಯಿತು. ಅವರ ನಂತರ ರೋಲ್ಸ್. ಕಾರ್ಲೋಸ್‌ರ ಮಗನಾದರೂ ಹೆಲಿಯೊ ಮನೆಯಲ್ಲಿ ಬೆಳೆದವರು, ರಿಕ್ಸನ್‌ಗೆ ಅಣ್ಣನಂತಿದ್ದವರು, ಗುರುವಾಗಿದ್ದವರು. ಕುಸ್ತಿ, ಸಾಂಬೊ ಎನ್ನದೆ ಎಲ್ಲಿಂದಲೂ ಕಲಿಯುವ ಕುತೂಹಲಿ. 1982ರಲ್ಲಿ ಹ್ಯಾಂಗ್ ಗ್ಲೈಡರ್ ಅಪಘಾತದಲ್ಲಿ ತೀರಿಕೊಂಡಾಗ ರೋಲ್ಸ್‌ಗೆ 31 ವರ್ಷ. ಯಾವ ಎದುರಾಳಿಯೂ ಆ ಪಟ್ಟವನ್ನು ಅವರಿಂದ ಗೆದ್ದುಕೊಳ್ಳಲಿಲ್ಲ. ರಿಕ್ಸನ್ ಕುಲದ ಜಟ್ಟಿಯಾದದ್ದು ಹಾಗೆ, ಖಾಲಿಯಾದ ಜಾಗಕ್ಕೆ ಬಂದು.

ಈ ವಿದ್ಯೆಯಲ್ಲಿ ಇನ್ನೊಂದು ಪದ್ಧತಿ ಇದೆ. ಕೀಲು ಮುರಿಯುವ ಹಂತಕ್ಕೆ ಬಂದಾಗ, ಇಲ್ಲವೇ ಕತ್ತಿನ ಎರಡೂ ಬದಿಯ ರಕ್ತನಾಳಗಳು ಅದುಮಿಹೋಗಿ ಕಣ್ಣು ಕತ್ತಲಿಡುವಾಗ, ಎದುರಾಳಿಯ ಮೈಗೋ ಮ್ಯಾಟಿಗೋ ಅಂಗೈಯಿಂದ ಎರಡು ಮೂರು ಸಲ ತಟ್ಟಿದರೆ ಅವನು ತಕ್ಷಣ ಬಿಡಬೇಕು. ಇದೇ ಟ್ಯಾಪ್. ಬಾಕ್ಸಿಂಗ್ ಪಟು ದಿನವೂ ಪೂರ್ಣ ಬಲದಿಂದ ಗುದ್ದಾಡಿದರೆ ಮಿದುಳು ಕೆಡುತ್ತದೆ. ಜಿಯು-ಜಿಟ್ಸುವಿನವರು ದಿನವೂ ನಿಜವಾದ ಹೋರಾಟಕ್ಕೆ ತೀರ ಹತ್ತಿರ ಹೋಗಿ ಬರಬಲ್ಲರು, ಕಾರಣ ಈ ತಟ್ಟು. ತಟ್ಟಿದವನು ಎದ್ದು, ಕೈ ಕುಲುಕಿ, ಮತ್ತೆ ಹಿಡಿಯುತ್ತಾನೆ. ಒಂದೇ ಸಂಜೆಯಲ್ಲಿ ಹತ್ತು ಸಲ ಸೋತು ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾನೆ. ಕಪ್ಪು ಬೆಲ್ಟ್ ಕಟ್ಟಿಕೊಳ್ಳುವ ಹೊತ್ತಿಗೆ ಅವನು ಎಷ್ಟು ಸಾವಿರ ಸಲ ತಟ್ಟಿರುತ್ತಾನೋ ಅವನಿಗೇ ನೆನಪಿರದು.

ಜೈನರ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ. ಒಮ್ಮೆ ಓದಿ ತಿಳಿದುಕೊಂಡು ಮುಗಿಸುವ ತತ್ತ್ವವಾಗಿ ಅದನ್ನು ಇಟ್ಟಿಲ್ಲ, ಮತ್ತೆ ಮತ್ತೆ ಮನಸ್ಸಿಗೆ ತಂದುಕೊಳ್ಳಬೇಕಾದ ಭಾವನೆಯಾಗಿ ಇಟ್ಟಿದ್ದಾರೆ. ಯಾಕೆಂದರೆ ಎಲ್ಲವೂ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಆದರೆ ಆ ಅರಿವು ಮೈಯಲ್ಲಿ ಉಳಿಯುವುದಿಲ್ಲ. ಬೆಳಿಗ್ಗೆ ಮಸಣದಿಂದ ಬಂದವನು ಸಂಜೆಗೆ ಮತ್ತೆ ನೂರು ವರ್ಷದ ಲೆಕ್ಕ ಹಾಕುತ್ತಾನೆ. ಮೈಗೆ ಅದನ್ನು ಕಲಿಸುವ ಉಪಾಯಗಳು ತೀರಾ ಕಡಿಮೆ. ಟ್ಯಾಪ್ ಅಂಥದೊಂದು ಉಪಾಯ ಎಂಬುದು ನನ್ನ ನಂಬಿಕೆ. ‘ನನ್ನದು ಇಲ್ಲಿಗೆ ಮುಗಿಯಿತು’ ಎಂದು ಕೈಯೇ ಹೇಳುವುದು, ಆಮೇಲೂ ಎದ್ದು ಕೂರುವುದು.

ಕುಲದ ಜಟ್ಟಿ ಎನಿಸಿಕೊಂಡವರೂ ಅಲ್ಲಿಂದಲೇ ಹೊರಟವರು. ರಿಕ್ಸನ್ ಹದಿಹರೆಯದಲ್ಲಿದ್ದಾಗ ಒಮ್ಮೆ ತಮಗಿಂತ ಬಹಳ ಭಾರದವನೊಬ್ಬನ ಅಡಿಯಲ್ಲಿ ಸಿಕ್ಕಿಕೊಂಡರು. ಕೀಲು ಹಿಡಿದಿರಲಿಲ್ಲ, ಕತ್ತು ಹಿಡಿದಿರಲಿಲ್ಲ. ಬರೀ ಭಾರ, ಬೆವರು, ಉಸಿರು ಕಟ್ಟಿದ ಭಯ. ಹುಡುಗ ತಟ್ಟಿಬಿಟ್ಟ. ಆಮೇಲೆ ಅವನಿಗೆ ಹತ್ತಿದ ಚಿಂತೆ ಸೋತದ್ದಕ್ಕಲ್ಲ, ಯಾವ ಪಟ್ಟೂ ಇಲ್ಲದೆ ಸೋತದ್ದಕ್ಕೆ. ಅಣ್ಣನ ಬಳಿ ಹೋಗಿ, ನನ್ನನ್ನು ಒಂದು ಜಮಖಾನೆಯಲ್ಲಿ ಸುತ್ತಿಡು, ಎಷ್ಟು ಕೂಗಿದರೂ ಹೇಳಿದ ಹೊತ್ತಿನ ತನಕ ಬಿಚ್ಚಬೇಡ ಎಂದ. ರಿಯೊದ ಬೇಸಿಗೆಯ ಸೆಕೆ. ಮೊದಲ ನಿಮಿಷಗಳಲ್ಲಿ ಜೀವ ಹೋದಂತಾಯಿತು. ಆಮೇಲೆ, ಅಲುಗಲು ಆಗದ ಮೈಯೊಳಗೂ ಸಣ್ಣ ಉಸಿರಿಗೆ ಜಾಗವಿದೆ ಎಂಬುದು ಹುಡುಗನಿಗೆ ತಿಳಿಯಿತು. ಮುಂದೆ ಅವರು ಕಲಿಸಿದ್ದೆಲ್ಲ ಒಂದು ಅರ್ಥದಲ್ಲಿ ಆ ಜಮಖಾನೆಯ ಪಾಠವೇ.

1980ರಲ್ಲಿ ಬ್ರೆಜಿಲಿಯಾ ನಗರದಲ್ಲಿ ರೇ ಜುಲು ಎಂಬ ಹೆಸರಾಂತ ಜಗಜಟ್ಟಿಯ ಜೊತೆ ಮೊದಲ ದೊಡ್ಡ ಪಂದ್ಯ. ರಿಕ್ಸನ್‌ಗೆ ಇಪ್ಪತ್ತರ ಆಸುಪಾಸು. ಜುಲು ಎತ್ತಿದ, ಬಡಿದ, ಹೊರಗೆ ತಳ್ಳಿದ. ಮೊದಲ ಸುತ್ತು ಮುಗಿಯುವ ಹೊತ್ತಿಗೆ ರಿಕ್ಸನ್ ಮೈಯಲ್ಲಿ ಏನೂ ಉಳಿದಿರಲಿಲ್ಲ. ಮೂಲೆಗೆ ಬಂದು ತಂದೆಗೆ, ನನ್ನಿಂದ ಆಗುವುದಿಲ್ಲ ಎಂದರು. ಹೆಲಿಯೊ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ, ಅವನು ನಿನಗಿಂತ ಸುಸ್ತಾಗಿದ್ದಾನೆ ಹೋಗು ಎಂಬರ್ಥದ ಮಾತು ಹೇಳಿದರು. ರೋಲ್ಸ್ ಒಂದು ಬಕೆಟ್ ಮಂಜುಗಡ್ಡೆಯ ನೀರನ್ನು ತಲೆಯ ಮೇಲೆ ಸುರಿದರು. ಎರಡನೆಯ ಸುತ್ತಿನಲ್ಲಿ ಜುಲುವಿನ ಬೆನ್ನು ಸಿಕ್ಕಿತು, ಕತ್ತು ಸಿಕ್ಕಿತು, ಪಂದ್ಯ ಮುಗಿಯಿತು. ತನ್ನ ಮೊದಲ ಶತ್ರು ಎದುರಿಗಿಲ್ಲ, ತನ್ನ ತಲೆಯೊಳಗಿದ್ದಾನೆ ಎಂಬುದು ಆ ರಾತ್ರಿ ತಮಗೆ ಗೊತ್ತಾಯಿತೆಂದು ರಿಕ್ಸನ್ ಮುಂದೆ ಹಲವು ಸಲ ಹೇಳಿಕೊಂಡಿದ್ದಾರೆ.

ತಲೆಯೊಳಗಿನವನನ್ನು ಪಳಗಿಸಲು ಉಸಿರಿನ ಬೆನ್ನು ಹತ್ತಿದರು. ರಿಯೊದ ಒರ್ಲಾಂಡೊ ಕಾನಿ ಎಂಬ ಗುರು ಯೋಗದ ಉಸಿರಾಟಕ್ಕೆ ಪ್ರಾಣಿಗಳ ಚಲನೆ ಬೆರೆಸಿ ಒಂದು ವ್ಯಾಯಾಮ ಪದ್ಧತಿ ಕಟ್ಟಿದ್ದರು. ರಿಕ್ಸನ್ ಅವರಲ್ಲಿ ಕಲಿತರು. 1995ರ ಟೋಕಿಯೊ ಪಂದ್ಯಾವಳಿಯ ಸುತ್ತ ತೆಗೆದ ‘ಚೋಕ್’ ಎಂಬ ಸಾಕ್ಷ್ಯಚಿತ್ರದಲ್ಲಿ ಅವರು ಹೊಟ್ಟೆಯ ಸ್ನಾಯುಗಳನ್ನು ಬೆನ್ನಿಗಂಟುವಂತೆ ಒಳಗೆಳೆದು ಕಡೆಗೋಲಿನಂತೆ ತಿರುಗಿಸುವ ದೃಶ್ಯವಿದೆ. ಯೋಗ ಬಲ್ಲ ಯಾರಿಗೂ ಅದು ನೌಲಿ ಎಂದು ಕೂಡಲೇ ತಿಳಿಯುತ್ತದೆ. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಪೂರ್ತಿಯಾಗಿ ಬಿಡುವುದಕ್ಕೆ ಅವರು ಹೆಚ್ಚು ಒತ್ತು ಕೊಟ್ಟರು. ಬಿಟ್ಟರೆ ಬರುವುದು ತಾನಾಗಿ ಬರುತ್ತದೆ. ಹೆದರಿದವನು ಎಳೆದುಕೊಂಡೇ ಇರುತ್ತಾನೆ, ಬಿಡುವುದನ್ನು ಮರೆಯುತ್ತಾನೆ, ಅಲ್ಲಿಗೆ ದಣಿಯುತ್ತಾನೆ.

ಆ ದಶಕದ ಗೆಲುವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1993ರಲ್ಲಿ ಡೆನ್ವರ್‌ನಲ್ಲಿ ಯುಎಫ್‌ಸಿ ಎಂಬ ಹೋರಾಟದ ಪಂದ್ಯಾವಳಿ ಶುರುವಾದಾಗ ಮನೆಯವರು ಕಣಕ್ಕಿಳಿಸಿದ್ದು ಸಣ್ಣ ಮೈಯ ತಮ್ಮ ರಾಯ್ಸ್‌ನನ್ನು. ತಯಾರು ಮಾಡಿದವರು ರಿಕ್ಸನ್. ಗೆದ್ದ ರಾಯ್ಸ್, ಅಣ್ಣ ತನಗಿಂತ ಹತ್ತು ಪಾಲು ಮೇಲು ಎಂದರು. 1994, 1995ರ ಜಪಾನ್ ಪಂದ್ಯಾವಳಿಗಳನ್ನು ರಿಕ್ಸನ್ ಗೆದ್ದರು. 1997ರ ಅಕ್ಟೋಬರ್ 11ರಂದು ಟೋಕಿಯೊ ಡೋಮ್‌ನಲ್ಲಿ ನೊಬುಹಿಕೊ ತಕಾದಾ ಜೊತೆಗಿನ ಅವರ ಪಂದ್ಯಕ್ಕೆಂದೇ ‘ಪ್ರೈಡ್’ ಎಂಬ ಸಂಸ್ಥೆ ಹುಟ್ಟಿಕೊಂಡಿತು. ಮರುವರ್ಷ ಅದೇ ದಿನ, ಅದೇ ಜಾಗ, ಅದೇ ಎದುರಾಳಿ, ಅದೇ ಫಲಿತಾಂಶ.

2000ದ ಮೇ 26. ಮತ್ತೆ ಟೋಕಿಯೊ ಡೋಮ್. ಎದುರಿಗೆ ಮಸಕಾತ್ಸು ಫುನಾಕಿ, ತಮಗಿಂತ ಸುಮಾರು ಹತ್ತು ವರ್ಷ ಚಿಕ್ಕವರು, ಜಪಾನಿನ ಅಚ್ಚುಮೆಚ್ಚಿನ ಹೋರಾಟಗಾರ. ಪಂದ್ಯದ ನಡುವೆ ಒಂದು ಪೆಟ್ಟು ಕಣ್ಣಿನ ಗೂಡಿಗೆ ಬಿತ್ತು. ರಿಕ್ಸನ್‌ಗೆ ಏನೂ ಕಾಣದಾಯಿತು. ಸಾವಿರಾರು ಜನರ ನಡುವೆ, ಎದುರಾಳಿ ಎಲ್ಲಿ ನಿಂತಿದ್ದಾನೆ ಎಂಬುದೇ ತಿಳಿಯದ ಸ್ಥಿತಿ. ಅವರು ನೆಲದ ಮೇಲೆ ಬೆನ್ನು ಕೊಟ್ಟು ಮಲಗಿದ್ದರು. ಏಳಲು ತವಕಿಸಲಿಲ್ಲ, ರೆಫರಿಗೆ ಹೇಳಲಿಲ್ಲ. ಕುರುಡಾಗಿದ್ದೇನೆ ಎಂಬುದನ್ನು ಮುಖದಲ್ಲಿ ತೋರಿಸಲೂ ಇಲ್ಲ. ಮಲಗಿದಲ್ಲಿಂದಲೇ ಫುನಾಕಿಯ ಮೊಣಕಾಲಿನ ಕಡೆಗೆ ಒದೆಯುತ್ತ ಹೊತ್ತು ಕಳೆದರು. ಸ್ವಲ್ಪ ಹೊತ್ತಿಗೆ ಒಂದು ಕಣ್ಣಿಗೆ ಬೆಳಕು ಮರಳಿತು. ಆಮೇಲೆ ಎಲ್ಲ ಬೇಗ ನಡೆಯಿತು. ಮೇಲೇರಿ ಕೂತರು, ಬೆನ್ನು ಹಿಡಿದರು, ತೋಳು ಕತ್ತಿನ ಸುತ್ತ ಬಂತು. ಫುನಾಕಿ ತಟ್ಟಲಿಲ್ಲ. ಕಣ್ಣು ತೆರೆದೇ ಪ್ರಜ್ಞೆ ಕಳೆದುಕೊಂಡರು.

ಆ ಕುರುಡು ಗಳಿಗೆ ಅವರ ವೃತ್ತಿಯಲ್ಲೇ ಅತ್ಯಂತ ತುಂಬಿದ ಗಳಿಗೆ ಎಂದು ನನಗನಿಸುತ್ತದೆ. ಗೆಲುವಿನ ಬಗ್ಗೆ ಯೋಚಿಸಲು ಅಲ್ಲಿ ಏನೂ ಇರಲಿಲ್ಲ. ಕಣ್ಣು ಮರಳುತ್ತದೆ ಎಂಬ ಭರವಸೆಯೂ ಇರಲಿಲ್ಲ. ಸದ್ಯಕ್ಕೆ ಏನು ಉಳಿದಿದೆಯೋ ಅದರಿಂದ, ಎಂದರೆ ಬೆನ್ನು, ಎರಡು ಕಾಲು, ಉಸಿರಿನಿಂದ, ಮುಂದಿನ ಕೆಲವು ಸೆಕೆಂಡು ನಡೆಸುವುದು. ಕ್ಷಣಿಕತೆಯನ್ನು ಕುರಿತ ಬೌದ್ಧ ಗ್ರಂಥಗಳು ಎಷ್ಟೋ ಸೂಕ್ಷ್ಮವಾಗಿ ಹೇಳಿದ್ದನ್ನು ಇಲ್ಲಿ ಒಂದು ಮೈ ಯಾವ ಮಾತೂ ಇಲ್ಲದೆ ಮಾಡಿ ತೋರಿಸಿತು.

ಅದು ಕೊನೆಯ ಪಂದ್ಯವೆಂದು ಅವರಿಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಕಜುಶಿ ಸಕುರಾಬಾ ಎಂಬ ಜಪಾನಿ ಹೋರಾಟಗಾರ ಅದೇ ಹೊತ್ತಿನಲ್ಲಿ ಗ್ರೇಸಿಗಳನ್ನು ಒಬ್ಬೊಬ್ಬರಾಗಿ ಸೋಲಿಸುತ್ತ ಬಂದಿದ್ದರು. ಮೇ 1ರಂದು ರಾಯ್ಸ್ ಜೊತೆ ಅವರು ಹೋರಾಡಿದ್ದು 90 ನಿಮಿಷ. ಇನ್ನು ಉಳಿದದ್ದು ರಿಕ್ಸನ್ ಮಾತ್ರ ಎಂದು ಜಪಾನ್ ಕಾದು ಕೂತಿತ್ತು.

ಡಿಸೆಂಬರ್‌ನಲ್ಲಿ ಹಿರಿಯ ಮಗ ರಾಕ್ಸನ್ ನ್ಯೂಯಾರ್ಕ್‌ನಲ್ಲಿ ತೀರಿಕೊಂಡ. ಇಪ್ಪತ್ತು ತುಂಬಿರಲಿಲ್ಲ. ಕುಲದ ಪಟ್ಟ ಮುಂದೆ ಅವನದೇ ಎಂದು ಮನೆಯವರು ಎಣಿಸಿದ್ದ ಹುಡುಗ ಅವನು. ತಂದೆ ಮತ್ತೆಂದೂ ರಿಂಗಿಗೆ ಇಳಿಯಲಿಲ್ಲ. ಸಕುರಾಬಾ ಜೊತೆಗಿನ ಪಂದ್ಯ ನಡೆಯಲೇ ಇಲ್ಲ.

ಇಲ್ಲಿ ನನಗೆ ತತ್ತ್ವಜ್ಞಾನದ ಮೇಲೆ ಸಿಟ್ಟು ಬರುತ್ತದೆ. ಎಲ್ಲವೂ ಅನಿತ್ಯ ಎಂಬ ಮಾತನ್ನು ಮಗ ಸತ್ತ ಮನೆಯ ಬಾಗಿಲಲ್ಲಿ ನಿಂತು ಯಾರೂ ಹೇಳಬಾರದು. ಸಾಸಿವೆ ಕಾಳು ಬೇಡಿ ಮನೆಮನೆ ಅಲೆದ ಕಿಸಾಗೋತಮಿಗೆ ಬುದ್ಧ ಕೂಡ ನೇರವಾಗಿ ಹಾಗೆ ಹೇಳಲಿಲ್ಲ, ಅವಳೇ ನಡೆದು ಕಂಡುಕೊಳ್ಳಲಿ ಎಂದು ಬಿಟ್ಟ. ರಿಕ್ಸನ್ ನಂತರದ ವರ್ಷಗಳಲ್ಲಿ ಈ ಸಾವಿನ ಬಗ್ಗೆ ಮಾತಾಡಿದ್ದಾರೆ, 2021ರಲ್ಲಿ ಬಂದ ಆತ್ಮಕಥೆಯಲ್ಲಿ ಬರೆದಿದ್ದಾರೆ. ಬದುಕು ತನ್ನ ಹತೋಟಿಯಲ್ಲಿದೆ ಎಂಬ ಭ್ರಮೆ ಹರಿದುಹೋದದ್ದು, ನಾಳೆಗೆಂದು ಏನನ್ನೂ ಮುಂದೂಡಬಾರದೆಂದು ತಿಳಿದದ್ದು ಅವರು ಹೇಳಿಕೊಳ್ಳುವ ಪಾಠಗಳು. ಆದರೆ ಪಾಠ ಸಿಕ್ಕಿತೆಂದು ಸಾವು ಸಾರ್ಥಕವಾಗುವುದಿಲ್ಲ. ಜಮಖಾನೆಯಲ್ಲಿ ಸುತ್ತಿಸಿಕೊಂಡ ಹುಡುಗನಿಗೆ ಹೊರಗೆ ಒಬ್ಬ ಅಣ್ಣ ಇದ್ದ, ಒಂದು ಹೊತ್ತಿನ ಮಿತಿ ಇತ್ತು. ಶೋಕಕ್ಕೆ ಅದಿಲ್ಲ. ಅಲ್ಲಿ ಟ್ಯಾಪ್ ಇಲ್ಲ, ತಟ್ಟಿದರೆ ಬಿಡುವವರಿಲ್ಲ. ಹನ್ನೆರಡನೆಯ ಪಂದ್ಯ ಆಡದೆ ಉಳಿದದ್ದರಿಂದ 11-0 ಎಂಬ ದಾಖಲೆ ಭದ್ರವಾಯಿತು. ಅದನ್ನು ಭದ್ರ ಮಾಡಿದ್ದು ಅವರು ಕಳೆದುಕೊಂಡ ಮಗ. ಯಾವ ತಂದೆಗೆ ಆ ಸೊನ್ನೆ ಬೇಕಾದೀತು?

ಆಮೇಲೆ ಕಲಿಸಿದರು. ಬೆನ್ನಿನ ಡಿಸ್ಕುಗಳು ಜಾರಿ, ಹಳೆಯ ಬಿಗಿಯಿಂದ ಹಿಡಿದಾಡುವುದು ಕಷ್ಟವಾದಾಗ ಇನ್ನೂ ಸಣ್ಣ ಸಂಗತಿಗಳಿಗೆ ಇಳಿದರು. ಮೈಭಾರವನ್ನು ಎಲ್ಲಿಡಬೇಕು, ಎದುರಿನವನ ತೂಕವನ್ನು ತಳ್ಳದೆ ಹೇಗೆ ತನ್ನದಾಗಿಸಿಕೊಳ್ಳಬೇಕು, ಕೋನ ಒಂದಿಷ್ಟೇ ಬದಲಾದರೆ ಅದೇ ಹಿಡಿತ ಹೇಗೆ ಕಲ್ಲಾಗುತ್ತದೆ. ನೋಡುವವನಿಗೆ ಏನೂ ಆಗಿಲ್ಲ ಅನಿಸುತ್ತದೆ, ಹಿಡಿತದಲ್ಲಿರುವವನಿಗೆ ಎಲ್ಲ ಗೊತ್ತಾಗುತ್ತದೆ. ಕಣ್ಣಿಗೆ ಕಾಣದ ಜಿಯು-ಜಿಟ್ಸು ಎಂದು ಅವರೇ ಕರೆದದ್ದು ಇದನ್ನು. ಆ ಹೊತ್ತಿಗೆ ಹೊರಗಿನ ಆಟ ಬೇರೆಯದಾಗಿತ್ತು. ಪಾಯಿಂಟು, ಅಡ್ವಾಂಟೇಜು, ಗಡಿಯಾರ ಬಂದಿದ್ದವು. ಹಳಬರು ಕೀಳೆಂದು ಕಂಡ ಕಾಲಿನ ಪಟ್ಟುಗಳು ಹೊಸಬರ ಮುಖ್ಯ ಆಯುಧವಾದವು. ಇವತ್ತಿನ ಚಾಂಪಿಯನ್ ಎದುರು ಅಂದಿನ ರಿಕ್ಸನ್ ನಿಂತಿದ್ದರೆ ಏನಾಗುತ್ತಿತ್ತು ಎಂದು ಜನ ಜಗಳವಾಡುತ್ತಾರೆ. ಅಂದಿನ ರಿಕ್ಸನ್ ಈಗ ಎಲ್ಲೂ ಇಲ್ಲ. ಇವತ್ತಿನ ಚಾಂಪಿಯನ್ ಕೂಡ ಹತ್ತು ವರ್ಷದಲ್ಲಿ ಇರುವುದಿಲ್ಲ. 2009ರಲ್ಲಿ 95ನೆಯ ವಯಸ್ಸಿನಲ್ಲಿ ಹೆಲಿಯೊ ತೀರಿಕೊಂಡರು.

2023ರಲ್ಲಿ ರಿಕ್ಸನ್ ತಮಗೆ ಪಾರ್ಕಿನ್ಸನ್ ಕಾಯಿಲೆ ಇರುವುದನ್ನು ಬಹಿರಂಗವಾಗಿ ಹೇಳಿದರು. ಗೊತ್ತಾಗಿ ಆಗಲೇ ಎರಡು ವರ್ಷದ ಹತ್ತಿರವಾಗಿತ್ತು.

ನಮ್ಮ ವೈದ್ಯರು ಕಂಪವಾತ ಎನ್ನುವ ಈ ಕಾಯಿಲೆಯಲ್ಲಿ ಮಿದುಳಿನ ಒಂದು ಸಣ್ಣ ಭಾಗದಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ಸಾಯುತ್ತ ಹೋಗುತ್ತವೆ. ಕೈ ನಡುಗಿ ಕಾಯಿಲೆ ಗೊತ್ತಾಗುವ ಹೊತ್ತಿಗೆ ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಹೋಗಿಬಿಟ್ಟಿರುತ್ತವೆ. ನಾವು ಇನ್ನೂ ಇದೆ ಎಂದುಕೊಂಡದ್ದು ಎಷ್ಟೋ ಮೊದಲೇ ಹೊರಟುಹೋಗಿರುತ್ತದೆ. ನಡುಕ ಕಣ್ಣಿಗೆ ಬೀಳುವ ಲಕ್ಷಣ. ಮೈಗೆ ಹೆಚ್ಚು ಕಷ್ಟ ಕೊಡುವುದು ಬಿಗಿತ, ನಿಧಾನ, ತಪ್ಪುವ ಸಮತೋಲ. ಸ್ನಾಯುಗಳು ಬಿಡಬೇಕಾದಾಗ ಬಿಡುವುದಿಲ್ಲ. ಜೀವನವಿಡೀ ಶಿಷ್ಯರಿಗೆ ಸಡಿಲವಾಗಿರಿ, ಸಡಿಲವಾಗಿರಿ ಎಂದು ಹೇಳಿದ ಮೈಗೆ ಈಗ ತನ್ನೊಳಗೇ ಬಿಗಿತ. ಕಾಲಿಡುವುದು, ಗುಂಡಿ ಹಾಕಿಕೊಳ್ಳುವುದು, ಪಕ್ಕ ಹೊರಳುವುದು ಹೀಗೆ ಮೈ ತಾನಾಗಿ ಮಾಡುತ್ತಿದ್ದುದನ್ನು ಮನಸ್ಸಿಟ್ಟು, ಒಂದೊಂದಾಗಿ ಮಾಡಬೇಕಾಗುತ್ತದೆ. ಬಿಳಿ ಬೆಲ್ಟ್ ಕಟ್ಟಿಕೊಂಡು ಮೊದಲ ದಿನ ಮ್ಯಾಟಿಗೆ ಬಂದವನ ಸ್ಥಿತಿ ಹಾಗೆಯೇ ಇರುತ್ತದೆ, ಎಡಗಾಲು ಎಲ್ಲಿ, ಬಲಗೈ ಎಲ್ಲಿ ಎಂದು ಅವನು ಯೋಚಿಸಿಯೇ ಅಲುಗುತ್ತಾನೆ. ಕೆಂಪು ಬೆಲ್ಟಿನ ತನಕ ಏರಿದ ರಿಕ್ಸನ್‌ರನ್ನು ಈ ಕಾಯಿಲೆ ಅಲ್ಲಿಗೆ ಕರೆದುಕೊಂಡು ಹೋಗಬಹುದು.

ಹಾಗಾದರೆ ಇದು ಚಿತ್ ಆದಂತೆಯೇ? ಹಳೆಯ ಲೆಕ್ಕದಲ್ಲಿ ಹೌದು. ಈ ಎದುರಾಳಿಯನ್ನು ಕೆಡವಲು ಪಟ್ಟಿಲ್ಲ, ಇವತ್ತಿನ ವೈದ್ಯದಲ್ಲಿ ಇದಕ್ಕೆ ಗುಣವಿಲ್ಲ. ಆದರೆ ಹೆಲಿಯೊ ತಿದ್ದಿದ ವಿದ್ಯೆಯ ಪ್ರಕಾರ ಪ್ರಶ್ನೆಯನ್ನೇ ಬೇರೆ ರೀತಿ ಕೇಳಬೇಕು. ಮೇಲೆ ಕೂತವನು ಏಳುವುದಿಲ್ಲ ಸರಿ. ಕೆಳಗಿರುವವನಿಗೆ ಈ ನಿಮಿಷ ಎಷ್ಟು ಜಾಗವಿದೆ? ಒಂದು ಸೊಂಟ ಹೊರಳುವಷ್ಟು, ಒಂದು ಮೊಣಕೈ ನುಸುಳುವಷ್ಟು. ವ್ಯಾಯಾಮದಿಂದ ಈ ಕಾಯಿಲೆಯವರ ನಡಿಗೆ, ಸಮತೋಲ ಸುಧಾರಿಸುತ್ತವೆ ಎಂದು ವೈದ್ಯರು ಹೇಳುತ್ತಾರೆ. ಅಷ್ಟು ಜಾಗ ಇದೆ. ಅಷ್ಟನ್ನು ದಿನವೂ ಗೇಯುವುದು ಹೋರಾಟವೇ. ಒಪ್ಪಿಕೊಳ್ಳುವುದೆಂದರೆ ಕೈಚೆಲ್ಲುವುದು ಎಂದು ನಾವು ಎಷ್ಟು ಸಲೀಸಾಗಿ ಅಂದುಕೊಂಡಿದ್ದೇವೆ! ಗಾರ್ಡಿನಲ್ಲಿರುವವನು ತಾನು ಕೆಳಗಿದ್ದೇನೆ ಎಂಬುದನ್ನು ಪೂರ್ತಿ ಒಪ್ಪಿಕೊಂಡಿರುತ್ತಾನೆ. ಒಪ್ಪಿಕೊಳ್ಳದೆ ಎದ್ದೇಳಲು ಒದ್ದಾಡುವವನೇ ಬೇಗ ಕತ್ತು ಕೊಡುವುದು.

ಇಷ್ಟು ಹೇಳಿದ ಮೇಲೂ ನನ್ನನ್ನು ಬಿಡದ ಒಂದು ಸಂದೇಹವಿದೆ. ಡೋಪಮಿನ್ ಬರೀ ಕೈಕಾಲಿಗೆ ಸಂಬಂಧಪಟ್ಟದ್ದಲ್ಲ. ಏನಾದರೂ ಮಾಡಬೇಕೆಂಬ ಹುಮ್ಮಸ್ಸು, ಬೆಳಿಗ್ಗೆ ಏಳುವ ಮನಸ್ಸು, ಇವೆಲ್ಲ ಅದರ ಜೊತೆ ಹೆಣೆದುಕೊಂಡಿವೆ. ಈ ಕಾಯಿಲೆ ಅನೇಕರಲ್ಲಿ ಖಿನ್ನತೆ ತರುತ್ತದೆ, ಕೆಲವರಲ್ಲಿ ನೆನಪು, ವಿವೇಚನೆಗಳನ್ನೂ ಮಸುಕು ಮಾಡುತ್ತದೆ. ಅಂದರೆ ಕೆಳಗಿದ್ದೂ ಶಾಂತನಾಗಿರಬಲ್ಲ ಆ ಮನಸ್ಸೂ ಅನಿತ್ಯವಾದ ವಸ್ತುವೇ. ಜಮಖಾನೆಯಲ್ಲಿ ಗಳಿಸಿದ್ದು, ಟೋಕಿಯೊದಲ್ಲಿ ಕುರುಡಾಗಿ ಮಲಗಿದಾಗ ಕಾಪಾಡಿದ್ದು, ಅದೂ ಒಂದು ದಿನ ಇಲ್ಲದಿರಬಹುದು. ಕೊನೆಯವರೆಗೂ ನನ್ನೊಳಗಿನ ಸಾಕ್ಷಿಯೊಂದು ಅಲುಗದೆ ಉಳಿಯುತ್ತದೆ ಎಂದು ನಮ್ಮ ಎಷ್ಟೋ ದರ್ಶನಗಳು ಧೈರ್ಯ ಹೇಳುತ್ತವೆ. ಆ ಕಾಯಿಲೆಯವರ ಮನೆಗಳಲ್ಲಿ ಇರುವವರಿಗೆ ಆ ಧೈರ್ಯ ಎಷ್ಟು ತೆಳುವೆಂದು ಗೊತ್ತು.

ಅಲ್ಲಿ ನನಗೆ ನೆನಪಾಗುವುದು ಬ್ರೆಜಿಲಿಯಾದ ಆ ಮೂಲೆ. ಆ ರಾತ್ರಿ ರಿಕ್ಸನ್ ಒಳಗೆ ಯಾವ ಶಾಂತಿಯೂ ಇರಲಿಲ್ಲ. ಅವರು ಬಿಟ್ಟುಬಿಟ್ಟಿದ್ದರು, ಬಾಯಿಬಿಟ್ಟು ಹೇಳಿಯೂ ಆಗಿತ್ತು. ಎರಡನೆಯ ಸುತ್ತು ಅವರದಲ್ಲ, ಮಗನ ಮಾತನ್ನು ಕಿವಿಗೆ ಹಾಕಿಕೊಳ್ಳದ ತಂದೆಯದು, ಬಕೆಟ್ ಎತ್ತಿದ ಅಣ್ಣನದು. ಸೋಲರಿಯದವನ ದಾಖಲೆಯ ಮೊದಲ ಸಾಲನ್ನು ಬರೆದದ್ದು ಅವನಲ್ಲ. ಆ ಇಬ್ಬರೂ ಈಗಿಲ್ಲ. ಈ ಸುತ್ತಿಗೆ ಮೂಲೆಯಲ್ಲಿ ನಿಲ್ಲಬೇಕಾದವರು ಮನೆಯವರು, ಜೊತೆಗೆ ರಿಕ್ಸನ್ ಕೈಯಲ್ಲಿ ಸಾವಿರ ಸಲ ಸಿಕ್ಕಿ, ತಟ್ಟಿ, ಕಲಿತವರು.